ಅತ್ತೆ, ಆತ್ಯಾ, ಸಾಸೂ

ಮರಾಠಿಯಲ್ಲಿ ಅಪ್ಪನ ಅಕ್ಕ-ತಂಗಿ ಆತ್ಯಾ, ಗಂಡನ ತಾಯಿ ಸಾಸೂ. ತಾಯಿಯ ಅಣ್ಣ-ತಮ್ಮ ಮಾಮಾ, ಗಂಡನ ತಂದೆ ಸಾಸರಾ. ಈ ನಾಲ್ವರಿಗೆ ಕನ್ನಡದಲ್ಲಿ ಇರುವುದು ಎರಡೇ ಪದ: ಅತ್ತೆ, ಮಾವ. ಹಿಂಜವಾಡಿಗೆ ಬಂದ ಹೊಸದರಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಸಾತಾರಾದ ಹುಡುಗಿ, ನಾನು ಫೋನಿನಲ್ಲಿ ದಿನಾ 'ಅತ್ತಿ'ಯ ಜೊತೆ ಹರಟುವುದನ್ನು ಕೇಳಿ, ಆ ಪದದ ಅರ್ಥವನ್ನು ಆಫೀಸಿನ ಯಾರಲ್ಲೋ ವಿಚಾರಿಸಿಕೊಂಡು, ನಾನು ಮದುವೆಯಾಗಿರುವುದನ್ನು ಮುಚ್ಚಿಟ್ಟಿದ್ದೇನೆಂದು ಎರಡು ವಾರ ಮುನಿಸಿಕೊಂಡಿದ್ದಳು. ನಾನು ಮಾತಾಡುತ್ತಿದ್ದದ್ದು ಅಪ್ಪನ ತಂಗಿಯ ಜೊತೆ.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ಸೀಮೆ. ಭೀಮಾ ನದಿ ದಾಟಿದರೆ ಸೋಲಾಪುರ. ಮನೆಯ ಮಾತಿನಲ್ಲಿ ಮರಾಠಿ ಎಷ್ಟು ಬೆರೆತಿದೆಯೆಂದರೆ ಚಿಕ್ಕಪ್ಪ ನಮಗೆ ಕಾಕಾ, ಚಿಕ್ಕಮ್ಮ ಮಾವಶಿ, ಅತ್ತಿಗೆ ವೈನಿ. ಇಷ್ಟೆಲ್ಲ ನದಿ ದಾಟಿ ಬಂದರೂ ಆತ್ಯಾ ಮಾತ್ರ ನಮ್ಮ ಮನೆಗೆ ಬರಲಿಲ್ಲ. ಅತ್ತಿ ಅತ್ತಿಯಾಗಿಯೇ ಉಳಿದಳು. ಇದಕ್ಕೆ ಕಾರಣ ಬಹಳ ಸರಳ. ಕಾಕಾನ ಮಕ್ಕಳೂ ಮಾವಶಿಯ ಮಕ್ಕಳೂ ಅಣ್ಣ-ತಂಗಿಯರು, ಅಲ್ಲಿ ಮದುವೆಯ ಮಾತೇ ಇಲ್ಲ. ಅವರನ್ನು ಯಾವ ಹೆಸರಿನಿಂದ ಕರೆದರೂ ನಡೆಯುತ್ತದೆ. ಅತ್ತಿ ಹಾಗಲ್ಲ. ಅಪ್ಪನ ತಂಗಿಯಾಗಿದ್ದವಳು ನಾಳೆ ಗಂಡನ ತಾಯಿಯಾಗಬಹುದು. ಒಂದು ಪದದಲ್ಲಿ ಎರಡು ಸ್ಥಾನಗಳನ್ನು ಕಟ್ಟಿಟ್ಟ ಭಾಷೆ, ಹೆಣ್ಣುಮಗಳು ಯಾವ ಮನೆಗೆ ಹೋಗಬೇಕೆಂಬುದನ್ನು ಅವಳು ಹುಟ್ಟುವ ಮೊದಲೇ ಅರ್ಧ ಹೇಳಿರುತ್ತದೆ.

ಈ ಗಂಟನ್ನು ಬಿಡಿಸಿ ಇಡೀ ದೇಶದ ನಕ್ಷೆಯ ಮೇಲೆ ಹರಡಿದ ಹೆಂಗಸು ಪುಣೆಯವರೇ. ಹಿಂಜವಾಡಿಯಿಂದ ನಗರದ ಇನ್ನೊಂದು ತುದಿಗೆ, ಯೆರವಡಾದಲ್ಲಿ, ಡೆಕ್ಕನ್ ಕಾಲೇಜು ಇದೆ. 1939ರಲ್ಲಿ ಅಲ್ಲಿ ಸೇರಿದ ಇರಾವತಿ ಕರ್ವೆ 1953ರಲ್ಲಿ 'ಕಿನ್‌ಶಿಪ್ ಆರ್ಗನೈಸೇಶನ್ ಇನ್ ಇಂಡಿಯಾ' ಎಂಬ ದೊಡ್ಡ ಪುಸ್ತಕ ಪ್ರಕಟಿಸಿದರು. ಸಂಬಂಧಗಳ ಹೆಸರು, ಮದುವೆಯ ಕಟ್ಟಳೆ, ಭಾಷೆ, ಜಾತಿ ಇವನ್ನು ಒಟ್ಟಿಗೆ ಹಿಡಿದು ಅವರು ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ವಲಯಗಳಾಗಿ ನೋಡಿದರು. ಕರ್ನಾಟಕ ದಕ್ಷಿಣದಲ್ಲಿ, ಮಹಾರಾಷ್ಟ್ರ ಮಧ್ಯದಲ್ಲಿ. ಮಧ್ಯ ಎಂದರೆ ಎರಡೂ ಕಡೆಯ ಎಳೆತಕ್ಕೆ ಸಿಕ್ಕ ಜಾಗ. ಮರಾಠಿಗರ ಹಲವು ಜಾತಿಗಳಲ್ಲಿ ಮಾಮಾನ ಮಗಳನ್ನು ತರಬಹುದು, ಆತ್ಯಾಳ ಮಗಳನ್ನು ತರುವಂತಿಲ್ಲ. ನಮ್ಮಲ್ಲಿ ಎರಡೂ ನಡೆಯುತ್ತದೆ, ಅದರ ಮೇಲೆ ಅಕ್ಕನ ಮಗಳನ್ನೂ ತರಬಹುದು. ಸಾಸೂ-ಸಾಸರಾ ಎಂಬ ಬೇರೆ ಪದಗಳಿದ್ದೂ ಹಳೆಯ ಕಾಲದ ಮರಾಠಿ ಸೊಸೆ ಗಂಡನ ತಂದೆಯನ್ನು ಎದುರಿಗೆ ಕರೆಯುತ್ತಿದ್ದದ್ದು 'ಮಾಮಂಜಿ' ಎಂದು, ಅತ್ತೆಯನ್ನು 'ಆತ್ಯಾಬಾಯಿ' ಎಂದು. ನಮ್ಮ ಪದ್ಧತಿಯ ಗುರುತು ಅಲ್ಲಿ ಕರೆಯುವ ದನಿಯಲ್ಲಿ ಉಳಿದುಬಿಟ್ಟಿದೆ.

ಕರ್ವೆಯವರ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ವಲಯಗಳು ಹೆಣ್ಣಿನ ನಡವಳಿಕೆಯನ್ನು ಹೇಗೆ ತಿದ್ದುತ್ತವೆ ಎಂಬ ವಿಚಾರ. ಉತ್ತರದಲ್ಲಿ ಹುಡುಗಿಯನ್ನು ಕೊಡುವುದು ಅಪರಿಚಿತರಿಗೆ, ಬೇರೆ ಊರಿಗೆ. ಊರಿನ ಮಗಳಾಗಿ ಅವಳು ಒಂದು ರೀತಿ, ಊರಿನ ಸೊಸೆಯಾಗಿ ಇನ್ನೊಂದು ರೀತಿ. ತವರಿನಲ್ಲಿ ತಲೆ ಎತ್ತಿ ಓಡಾಡಿದವಳೇ ಗಂಡನ ಊರಿನಲ್ಲಿ ಸೆರಗು ಎಳೆದುಕೊಳ್ಳಬೇಕು. ಒಂದೇ ಹೆಣ್ಣು, ಎರಡು ಪಾತ್ರ. ದಕ್ಷಿಣದಲ್ಲಿ ಈ ಗೋಡೆ ಅಷ್ಟು ಎತ್ತರವಿಲ್ಲ. ಗಂಡನ ತಾಯಿ ಎಂದರೆ ಎತ್ತಿ ಆಡಿಸಿದ ಅತ್ತೆ, ಇಲ್ಲವೇ ಸ್ವಂತ ಅಜ್ಜಿ. ಗಂಡ ಎಂದರೆ ಜಾತ್ರೆಯಲ್ಲಿ ಬೆಂಡು-ಬತ್ತಾಸು ಕೊಡಿಸಿದ ಮಾವ. ಹೊಸ ಮನೆಗೆ ಹೋಗುವ ಭಯ ಅರ್ಧ ಕಡಿಮೆ. ತವರಿಗೂ ಗಂಡನ ಮನೆಗೂ ಓಡಾಟ ಸಲೀಸು. ಬೇರೆಯ ಕಡೆಯ ಹೆಣ್ಣುಮಕ್ಕಳಿಗಿಂತ ದಕ್ಷಿಣದ ಹೆಣ್ಣಿಗೆ ಉಸಿರಾಡಲು ಸ್ವಲ್ಪ ಹೆಚ್ಚು ಗಾಳಿ ಇದೆ ಎಂಬುದು ಆ ಚಿತ್ರದ ಸಾರ.

ಪುಸ್ತಕದ ಹೆಂಗಸಿನ ಸ್ವಂತ ಬದುಕಿನ ಬಗ್ಗೆ ಇಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1905ರಲ್ಲಿ ಬರ್ಮಾದಲ್ಲಿ ಹುಟ್ಟಿದ ಅವರಿಗೆ ಅಲ್ಲಿನ ಐರಾವತಿ ನದಿಯ ಹೆಸರು. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಶಿಷ್ಯೆ. ಮದುವೆಯಾದದ್ದು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ ದಿನಕರರನ್ನು. ಧೋಂಡೋ ಕರ್ವೆ 1893ರಲ್ಲಿ ವಿಧವೆಯನ್ನು ಮದುವೆಯಾಗಿ, 1896ರಲ್ಲಿ ವಿಧವೆಯರಿಗೆ ಆಶ್ರಮ ತೆರೆದು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಕಟ್ಟಿದವರು. ಆದರೆ ಸೊಸೆ ಹೆಚ್ಚಿನ ಓದಿಗೆ ಜರ್ಮನಿಗೆ ಹೋಗುತ್ತೇನೆಂದಾಗ ಅದು ಅವರಿಗೆ ಒಪ್ಪಿಗೆಯಾಗಲಿಲ್ಲ! ಗಂಡ ಪಟ್ಟು ಹಿಡಿದದ್ದರಿಂದ ಇರಾವತಿ 1928ರಲ್ಲಿ ಬರ್ಲಿನ್‌ಗೆ ಹೋದರು. ಊರಿನ ಹೆಣ್ಣುಮಕ್ಕಳಿಗೆಲ್ಲ ಬಾಗಿಲು ತೆರೆದವರು ಮನೆಯ ಸೊಸೆ ಹೊಸ್ತಿಲು ದಾಟುವಾಗ ಮಾವನಾಗಿಬಿಟ್ಟರು. ಇದು ಅವರೊಬ್ಬರ ಕುಂದು ಎಂದು ನನಗೆ ಅನ್ನಿಸುವುದಿಲ್ಲ. ಮಾವ ಎಂಬ ಸ್ಥಾನಕ್ಕೆ ತನ್ನದೇ ಆದ ಬಾಯಿ ಇರುತ್ತದೆ.

ಇರಾವತಿಯವರಿಗೆ ಇದು ಗೊತ್ತಿತ್ತು. 'ಪರಿಪೂರ್ತಿ' ಎಂಬ ಮರಾಠಿ ಪ್ರಬಂಧದಲ್ಲಿ ಒಂದು ಸಭೆಯ ಪ್ರಸಂಗ ಬರೆದಿದ್ದಾರೆ. ಅಲ್ಲಿ ಅವರನ್ನು ಪರಿಚಯಿಸಿದ್ದು ಇಂಥವರ ಸೊಸೆ, ಇಂಥವರ ಹೆಂಡತಿ ಎಂದು. ಪರಿಚಯದಲ್ಲಿ ಏನೋ ಉಳಿದುಹೋಯಿತು ಎಂಬ ಕೊರತೆಯಲ್ಲೇ ನಡೆದು ಬರುವಾಗ ದಾರಿಯಲ್ಲಿ ಶಾಲೆಯ ಹುಡುಗರು, ಹೋಗುತ್ತಿರುವವಳು ನಮ್ಮ ಕ್ಲಾಸಿನ ಕರ್ವೆಯ ತಾಯಿ ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುವುದು ಕಿವಿಗೆ ಬೀಳುತ್ತದೆ. ಈಗ ಪರಿಚಯ ಪೂರ್ತಿಯಾಯಿತು ಎನ್ನುತ್ತಾರೆ ಅವರು. ಇದನ್ನು ತಾಯ್ತನದ ತೃಪ್ತಿ ಎಂದು ಓದುವವರಿದ್ದಾರೆ. ನನಗೆ ಅದರಲ್ಲಿ ತುಟಿಯಂಚಿನ ನಗು ಕಾಣುತ್ತದೆ. ನೆಂಟಸ್ತಿಕೆಯನ್ನೇ ವೃತ್ತಿಯಾಗಿ ಓದಿದ ವಿದ್ವಾಂಸೆಗೂ ಊರು ಕೊಡುವುದು ನೆಂಟಸ್ತಿಕೆಯ ವಿಳಾಸವೇ.

ಅವರು ಬರೆದ ದಕ್ಷಿಣದ ಚಿತ್ರವನ್ನು ನಾನು ಪರೀಕ್ಷಿಸಬಹುದಾದದ್ದು ನನ್ನ ಮನೆಯಲ್ಲೇ. ಅಮ್ಮನ ತಾಯಿ, ಅಂದರೆ ನನ್ನ ಆಯಿ, ಮದುವೆಯಾದದ್ದು ಸೋದರಮಾವನನ್ನು. ಕರ್ವೆ ಹೇಳಿದ್ದೆಲ್ಲ ಆಯಿಯ ವಿಷಯದಲ್ಲಿ ಅಕ್ಷರಶಃ ನಿಜ. ಮದುವೆಯಾಗಿ ಹೋದದ್ದು ಅಜ್ಜಿಯ ಮನೆಗೆ. ಹಾಲು-ಮೊಸರು ಎಲ್ಲಿದೆ, ಎಮ್ಮೆ ಯಾರಿಗೆ ಒದೆಯುತ್ತದೆ ಎಲ್ಲವೂ ಗೊತ್ತಿದ್ದ ಮನೆ. ಸೆರಗಿನ ಗೊಡವೆ ಇರಲಿಲ್ಲ. ಅತ್ತೆಯ ಕಾಟ ಎಂಬ ಮಾತನ್ನು ಆಯಿಯ ಬಾಯಿಂದ ನಾವ್ಯಾರೂ ಕೇಳಿಲ್ಲ. ಆದರೆ ಗಂಡನಿಗೆ ಕೈ ಮುಂದಿತ್ತು. ಅದನ್ನು ಯಾರಿಗಾದರೂ ಹೇಳಿದೆಯಾ ಎಂದು ಒಮ್ಮೆ ಕೇಳಿದ್ದೆ. ಆಯಿ ಹೇಳಿದ್ದು ಇಷ್ಟು: "ಅವ್ವನ ಮುಂದ ಹೇಳಿದ್ರ ಅಕಿ ತಮ್ಮನ ಮ್ಯಾಲ ಹೇಳಿದಂಗ. ಅತ್ತಿ ಮುಂದ ಹೇಳಿದ್ರ ಅಕಿ ಮಗನ ಮ್ಯಾಲ ಹೇಳಿದಂಗ. ಯಾರ ಮುಂದ ಹೇಳ್ಲೆವಾ?"

ಅಪರಿಚಿತರ ಮನೆಗೆ ಹೋದ ಉತ್ತರದ ಹುಡುಗಿಗೆ ಭಯ ಹೆಚ್ಚು, ಒಪ್ಪುತ್ತೇನೆ. ಆದರೆ ಅವಳ ಹಿಂದೆ ತವರು ಎಂಬ ಬೇರೊಂದು ಮನೆ ಇರುತ್ತದೆ. ಆ ಮನೆ ಅವಳ ಪರ ನಿಲ್ಲದೇ ಇರಬಹುದು, ಹೊಂದಿಕೊಂಡು ಹೋಗು ಎಂದು ತಿರುಗಿ ಕಳಿಸಬಹುದು. ಆದರೂ ಅದು ಇನ್ನೊಂದು ಪಕ್ಷ. ಆಯಿಗೆ ಇನ್ನೊಂದು ಪಕ್ಷವೇ ಇರಲಿಲ್ಲ. ಬಂಧುಗಳೊಳಗಿನ ಮದುವೆ ಹೊಸ ಮನೆಯ ಭಯವನ್ನು ಕಳೆಯಿತು, ಅದೇ ಏಟಿಗೆ ಹಳೆಯ ಮನೆಯನ್ನೂ ಕಳೆಯಿತು. ಮದುವೆಯಲ್ಲಿ ಯಾರು ಯಾರಿಗೆ ಸಲ್ಲುತ್ತಾರೆ ಎಂದು ಬರೆದ ನಕ್ಷೆಯಲ್ಲಿ ಹೆಣ್ಣು ಯಾರ ಮುಂದೆ ಅಳಬಹುದು ಎಂಬ ಗೆರೆ ಇಲ್ಲ.

ಆ ಗೆರೆಯನ್ನು ನಾನು ಕಂಡದ್ದು ಸಿನಿಮಾಗಳಲ್ಲಿ, ಅವುಗಳಲ್ಲಿ ಕೆಲವಕ್ಕೂ ಪುಣೆಯ ನಂಟಿದೆ. ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವುದು ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ. ಅಲ್ಲಿ 1937ರಲ್ಲಿ ವಿ. ಶಾಂತಾರಾಮ್ 'ಕುಂಕೂ' ತೆಗೆದರು. ಶಾಂತಾ ಆಪ್ಟೆಯ ನೀರಾಳನ್ನು ಸಾಕಿದ ನೆಂಟರೇ ಮೋಸದಿಂದ ಮುದುಕನಿಗೆ ಕಟ್ಟುತ್ತಾರೆ. ಅವಳು ಗಂಡನ ಮನೆಯಲ್ಲಿದ್ದುಕೊಂಡೇ ಹೆಂಡತಿಯಾಗಲು ಒಪ್ಪುವುದಿಲ್ಲ. ಎಂಬತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಚಿತ್ರದಲ್ಲಿ ಆ ಹುಡುಗಿಯ ಸಿಟ್ಟು ಇನ್ನೂ ಬಿಸಿಯಾಗಿದೆ. ಕೊನೆಯಲ್ಲಿ ಮುದುಕ ತನ್ನ ಜೀವ ತೆಗೆದುಕೊಂಡು ಅವಳನ್ನು ಬಿಡುಗಡೆ ಮಾಡುತ್ತಾನೆ. ಬಿಡುಗಡೆಯೂ ಗಂಡಸೇ ಕೊಡಬೇಕಾಗಿ ಬಂದದ್ದು ಆ ಕಾಲದ ಮಿತಿ ಇರಬಹುದು. ಆದರೂ ಅವಳು ತವರಿಗೆ ಓಡುವುದಿಲ್ಲ ಎಂಬುದನ್ನು ಗಮನಿಸಿ. ಓಡಲು ತವರಿಲ್ಲ, ಮಾರಿದವರೇ ಅವರು.

ನಾಲ್ಕು ದಶಕದ ನಂತರ ಅದೇ ಆವರಣದಲ್ಲಿ ಕಲಿತ ತೀರ್ಥಹಳ್ಳಿ ಸೀಮೆಯ ಗಿರೀಶ್ ಕಾಸರವಳ್ಳಿ 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಫಾರ್ಮಸಿ ಓದಿ, ಅದನ್ನು ಬಿಟ್ಟು ಪುಣೆಗೆ ಬಂದವರು ಅವರು. ಓದಿದ್ದು ಒಂದು, ಮಾಡುವುದು ಇನ್ನೊಂದು ಎಂಬ ನಮ್ಮ ಹಿಂಜವಾಡಿಯ ಅರ್ಧ ಜನಕ್ಕೆ ಇದು ಸಮಾಧಾನ ಕೊಡಬಹುದು. ಯು. ಆರ್. ಅನಂತಮೂರ್ತಿಯವರ ಕತೆ ಅದು. ಯಮುನಾ ಎಳೆಯ ವಿಧವೆ, ತವರಿನಲ್ಲಿದ್ದಾಳೆ, ತಂದೆ ಉಡುಪರು ವೇದಪಾಠ ಹೇಳುವವರು. ಅವಳು ಬಸುರಾಗುತ್ತಾಳೆ. ಬದುಕಿರುವ ಮಗಳ ಶ್ರಾದ್ಧವನ್ನು ತಂದೆಯೇ ಮಾಡಿ, ತಲೆ ಬೋಳಿಸಿ, ಹೊರಹಾಕುತ್ತಾರೆ. ಆಮೇಲೆ ಅದೇ ತಂದೆ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗುವ ಮಾತು ಬರುತ್ತದೆ. ಇದನ್ನೆಲ್ಲ ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣು. ಗಂಡಸಾಗುವುದನ್ನು ಅವನಿಗೆ ಆ ಮನೆ ಹೇಗೆ ಕಲಿಸುತ್ತಿದೆ ಎಂಬುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ: ಮಂತ್ರದ ಜೊತೆಗೆ ಹೆದರಿಕೆ, ಹೆದರಿಕೆಯ ಜೊತೆಗೆ ಸುಮ್ಮನಿರುವುದು. ಹುಡುಗಿಯರಿಗೆ ಪಾತ್ರ ಕಲಿಸುವ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ನಾಣಿಯ ಪಾಠದ ಬಗ್ಗೆ ಕಡಿಮೆ. ಆ ಚಿತ್ರವನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನೋಡದವರು ದಯವಿಟ್ಟು ನೋಡಿ.

ಪ್ರೇಮಾ ಕಾರಂತರ 'ಫಣಿಯಮ್ಮ' ಇದರ ಇನ್ನೊಂದು ಮಗ್ಗುಲು. ಎಂ. ಕೆ. ಇಂದಿರಾ ತಮ್ಮ ಮನೆತನದ ಹಿರಿಯ ವಿಧವೆಯೊಬ್ಬರ ಬದುಕನ್ನು 1976ರಲ್ಲಿ ಕಾದಂಬರಿ ಮಾಡಿದ್ದರು. ಬಾಲವಿಧವೆಯಾಗಿ ತವರಿಗೆ ಮರಳಿದ ಫಣಿಯಮ್ಮನನ್ನು ಮನೆ ಹೊರಹಾಕುವುದಿಲ್ಲ, ಇಟ್ಟುಕೊಳ್ಳುತ್ತದೆ. ಇಟ್ಟುಕೊಂಡದ್ದಕ್ಕೆ ಬಾಡಿಗೆಯನ್ನು ಬದುಕಿಡೀ ದುಡಿಸಿ ವಸೂಲು ಮಾಡುತ್ತದೆ: ಒಲೆ, ಮಡಿ, ಎಲ್ಲರ ಬಾಣಂತನ. ಮುಪ್ಪಿನಲ್ಲಿ ಅವಳು ಕಟ್ಟಳೆ ಮೀರಿ ಬೇರೆ ಜಾತಿಯ ಹೆಂಗಸಿನ ಹೆರಿಗೆಗೆ ಹೋಗುತ್ತಾಳೆ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ. ಕೂಗಾಟವಿಲ್ಲ. ನನಗೆ ಕುಂಕೂಗಿಂತ ಇದು ಹೆಚ್ಚು ನಾಟಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಈ ದೊಡ್ಡ ಚಿತ್ರಗಳ ವಿಧವೆಯರು ಬ್ರಾಹ್ಮಣರ ಮನೆಯವರು. ಕರ್ನಾಟಕದ ಬಹುಪಾಲು ಜಾತಿಗಳಲ್ಲಿ ಗಂಡ ಸತ್ತವಳು ಮತ್ತೆ ಮನೆ ಕಟ್ಟುವ ಪದ್ಧತಿ ಇತ್ತು. ಹಳೆ ಮೈಸೂರಿನಲ್ಲಿ ಅದು ಕೂಡಿಕೆ, ನಮ್ಮ ಕಡೆ ಉಡಕಿ. ಅದಕ್ಕೆ ಮೊದಲ ಮದುವೆಯ ಮರ್ಯಾದೆ ಇರಲಿಲ್ಲ, ಆದರೆ ಬದುಕಿತ್ತು. ಇದರ ಲೆಕ್ಕ ಇಟ್ಟವರು ಘುರ್ಯೆಯವರ ಇನ್ನೊಬ್ಬ ಶಿಷ್ಯ, ಮೈಸೂರಿನ ಎಂ. ಎನ್. ಶ್ರೀನಿವಾಸ್. 1942ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಪುಸ್ತಕ ಬರೆದರು, 1952ರ ಕೊಡಗಿನ ಪುಸ್ತಕದಲ್ಲಿ ಸಂಸ್ಕೃತೀಕರಣ ಎಂಬ ಮಾತನ್ನು ನೆಲೆಗೊಳಿಸಿದರು. ಜಾತಿಯೊಂದು ಮೇಲಿನವರ ನಡೆಯನ್ನು ಹಿಡಿದು ಏರಲು ಹೊರಟಾಗ ಮೊದಲು ಕಡಿಮೆಯಾಗುವುದು ಆ ಜಾತಿಯ ಹೆಂಗಸರ ಸಡಿಲ. ಹೊಲದ ಕೆಲಸ ಬಿಡಿಸುತ್ತಾರೆ, ಉಡಕಿ ನಿಲ್ಲಿಸುತ್ತಾರೆ, ವರದಕ್ಷಿಣೆ ತರುತ್ತಾರೆ. ಮನೆತನ ಒಂದು ಮೆಟ್ಟಿಲು ಹತ್ತುತ್ತದೆ, ಹೆಣ್ಣು ಒಂದು ಮೆಟ್ಟಿಲು ಇಳಿಯುತ್ತಾಳೆ. ನಮ್ಮೂರಲ್ಲಿ ಉಡಕಿಯಾದವಳ ಮೊಮ್ಮಕ್ಕಳು ಈಗ ಆ ಪದವನ್ನು ಬಾಯಿಗೆ ತರುವುದಿಲ್ಲ.

ಇನ್ನು ಆಸ್ತಿಯ ಮಾತು. ಸೋದರ ಸಂಬಂಧದ ಮದುವೆಗೆ ಪ್ರೀತಿ ಒಂದು ಕಾರಣವಾದರೆ ಹೊಲ ಇನ್ನೊಂದು. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967) ಇದನ್ನು ಎಷ್ಟು ನೇರವಾಗಿ ಹೇಳುತ್ತದೆಂದರೆ, ಅಷ್ಟು ಚೆಂದದ ಹಾಡುಗಳಿರುವ ಸಿನಿಮಾ ಎಂದು ನೆನಪಿಟ್ಟುಕೊಂಡವರು ಬೆಚ್ಚಬಹುದು. ತ್ರಿವೇಣಿಯವರ ಕಾದಂಬರಿ. ಒಬ್ಬಳೇ ಮಗಳಾದ ಇಂದಿರೆಗೆ ಎಸ್ಟೇಟು ಬರುತ್ತದೆಂದು ಗೊತ್ತುಮಾಡಿದ ಹುಡುಗ, ಅವಳಿಗೆ ತಡವಾಗಿ ತಮ್ಮ ಹುಟ್ಟಿದ ಕೂಡಲೇ ಹಿಂದೆ ಸರಿಯುತ್ತಾನೆ. ತೊಟ್ಟಿಲಲ್ಲಿ ಮಲಗಿದ ಗಂಡುಕೂಸು ಅಕ್ಕನ ಬೆಲೆಯನ್ನು ರಾತ್ರೋರಾತ್ರಿ ಇಳಿಸಿತು. ಕೊನೆಗೆ ಅವನು ಪಶ್ಚಾತ್ತಾಪಪಟ್ಟು ಮರಳಿದಾಗ ಕಲ್ಪನಾಳ ಇಂದಿರೆ ಬೇಡ ಎನ್ನುತ್ತಾಳೆ. ಆ 'ಬೇಡ' ಆಗಿನ ಕನ್ನಡ ಪರದೆಗೆ ಹೊಸದು.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ 1994ರಲ್ಲಿ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ. ಆಮೇಲೆ ತಾಲೂಕಿನ ನೋಂದಣಿ ಕಚೇರಿಗಳಲ್ಲಿ ಹಕ್ಕು ಬಿಟ್ಟುಕೊಡುವ ಪತ್ರಗಳಿಗೆ ಅಕ್ಕ-ತಂಗಿಯರು ಸಾಲಾಗಿ ನಿಂತು ಸಹಿ ಹಾಕುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೀರಿ. ಅಮ್ಮನೂ ಹಾಕಿದಳು. ಯಾರೂ ಹೆದರಿಸಲಿಲ್ಲ. ಪಂಚಮಿಗೆ ಅಣ್ಣ ಕರೆಯಲು ಬರಬೇಕಲ್ಲ, ಅಷ್ಟೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಕಾನೂನು ಅಳಿಸಿತು. ತವರಿನ ಬಾಗಿಲು ತೆರೆದಿರಲಿ ಎಂದು ಅಮ್ಮ ಅದನ್ನು ಹೆಬ್ಬೆರಳಿನಿಂದ ಮತ್ತೆ ಬರೆದಳು.

ಅಮ್ಮನನ್ನು ಹೊರಗಿನ ಸಂಬಂಧಕ್ಕೆ ಕೊಟ್ಟದ್ದು ಆಯಿಯ ಹಟ. ತನಗಿಲ್ಲದ ತವರು ಮಗಳಿಗಾದರೂ ಇರಲಿ ಎಂದು ಅಜ್ಜನ ಎದುರು ನಿಂತು ಬಂಧುಗಳಲ್ಲದವರ ಮನೆ ಹುಡುಕಿಸಿದಳಂತೆ. ಅಮ್ಮನಿಗೆ ಹಾಗೆ ತವರು ದಕ್ಕಿತು: ಪ್ರತಿ ನಾಗರಪಂಚಮಿಗೆ ಮಾಮಾ ಬರುವುದು, ಉಂಡಿ, ಜೋಕಾಲಿ, ಎಂಟು ದಿನ ನಿಶ್ಚಿಂತೆ. ಆಯಿ ತೀರಿದ ಮೇಲೆ ಮಾಮಾ ತನ್ನ ಮಗನಿಗೆ ನನ್ನನ್ನು ಕೇಳಿದರು. ಬಿಟ್ಟುಹೋದ ಕೊಂಡಿ ಮತ್ತೆ ಬೆಸೆಯಲಿ ಎಂಬ ಆಸೆ, ಅದರಲ್ಲಿ ಕೆಟ್ಟತನವಿರಲಿಲ್ಲ. ಹುಡುಗನೂ ಒಳ್ಳೆಯವನೇ. ನಾನು ಆಗ ಇಲ್ಲಿ ಮೂರನೇ ಫೇಸ್‌ನಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಬೇಡ ಎಂದೆ.

ಮ್ಯಾಟ್ರಿಮೊನಿ ಸೈಟಿನ ಹುಡುಗನಿಗೆ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಇಲ್ಲಿ ನಾನು ತಿರಸ್ಕರಿಸಿದ್ದು ಅಮ್ಮನ ಅಣ್ಣನನ್ನು. ಐದು ಪಂಚಮಿ ಕಳೆದವು, ಮಾಮಾ ಬಂದಿಲ್ಲ. ಅಮ್ಮ ಕೇಳಿದವರಿಗೆ ಮಂಡಿನೋವು, ಪ್ರಯಾಣ ಆಗುವುದಿಲ್ಲ ಎನ್ನುತ್ತಾಳೆ. ನನ್ನ ಮೇಲೆ ಒಂದು ಮಾತೂ ಆಡಿಲ್ಲ. ನನ್ನ ನಿರ್ಧಾರ ಈಗಲೂ ಅದೇ, ಆದರೆ ಅದರ ಬೆಲೆ ಕಟ್ಟಿದ್ದು ನಾನಲ್ಲ. ಸ್ವಾತಂತ್ರ್ಯದ ಬಗ್ಗೆ ಆಫೀಸಿನ ಮಹಿಳಾ ದಿನದಂದು ಭಾಷಣ ಕೇಳುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ, ಕೇಕು ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮೂರಿಗೆ ಹತ್ತಿರದ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ ಆ ತ್ರಿಪದಿಗಳಲ್ಲಿ ಗಂಡನಿಗಿಂತ ಹೆಚ್ಚು ಜಾಗ ತಾಯಿಗೆ, ಅಣ್ಣನಿಗೆ, ತವರಿಗೆ. ಎಪ್ಪತ್ತು ವರ್ಷದ ನಂತರ, 2002ರಲ್ಲಿ, 'ತವರಿಗೆ ಬಾ ತಂಗಿ' ಎಂಬ ಸಿನಿಮಾ ಬಂದಾಗ ನಮ್ಮೂರಿನ ಹೆಂಗಸರು ಟ್ರ್ಯಾಕ್ಟರ್ ಮಾಡಿಕೊಂಡು ಟಾಕೀಸಿಗೆ ಹೋಗಿದ್ದರು. ಸಿನಿಮಾ ಪಂಡಿತರು ಅಂಥ ಚಿತ್ರಗಳನ್ನು ಕಣ್ಣೀರಿನ ವ್ಯಾಪಾರ ಎಂದು ಬದಿಗಿಡುತ್ತಾರೆ. ಅದು ವ್ಯಾಪಾರ ಹೌದು. ಆದರೆ ಗಂಡನ ಪ್ರೀತಿಯಷ್ಟೇ ಅಣ್ಣ ಬಾಗಿಲು ತೆರೆಯುತ್ತಾನೋ ಇಲ್ಲವೋ ಎಂಬುದರ ಮೇಲೂ ಬದುಕು ನಿಂತಿರುವ ಹೆಂಗಸರಿಗೆ ಅದು ಬರೀ ಭಾವುಕತೆ ಅಲ್ಲ, ಆಸ್ತಿಯ ವಿಚಾರ. ಪಾಲು ಬಿಟ್ಟುಕೊಟ್ಟು ಕೊಂಡ ಒಂದೇ ಆಸ್ತಿ.

1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆ, ಅತ್ತೆ ಮಗ-ಮಾವನ ಮಗಳು ಇಂಥ ಮದುವೆಗಳನ್ನು ನಿಷೇಧಿತ ಸಂಬಂಧಗಳ ಪಟ್ಟಿಯಲ್ಲಿಟ್ಟು, ರೂಢಿ ಇದ್ದಲ್ಲಿ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯಲ್ಲೇ ನಾವು ಬದುಕುತ್ತಿದ್ದೇವೆ. ರೂಢಿ ಮುಗಿದ ಕತೆ ಎಂದು ಹಿಂಜವಾಡಿಯ ಹತ್ತನೇ ಮಹಡಿಯಿಂದ ಕಾಣಬಹುದು. ಕೆಳಗೆ ಇಳಿದರೆ ಬೇರೆ. ಇಲ್ಲಿನ ಹೊಸ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಯ ಜನ ಇದ್ದಾರೆ. ಮಾಣ್ ರಸ್ತೆಯ ಸಂಜೆ ಸಂತೆಯಲ್ಲಿ ಮೆಂತೆ ಸೊಪ್ಪು ಆರಿಸುವಾಗ ಕಿವಿಗೆ ಬೀಳುವುದು ನಮ್ಮದೇ ಕನ್ನಡ.

ಅಲ್ಲಿ ಪರಿಚಯವಾದ ನಮ್ಮ ತಾಲೂಕಿನ ಒಬ್ಬಳು ಸೋದರತ್ತೆಯ ಮಗನನ್ನು ಮದುವೆಯಾದವಳು. ಗಂಡ-ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ, ಅತ್ತೆ ಶೆಡ್ಡಿನಲ್ಲಿ ಕೂಸ ನೋಡಿಕೊಳ್ಳುತ್ತಾಳೆ. ಕ್ರೆಷ್‌ಗೆ ಸಂಬಳದ ಮೂರನೇ ಒಂದು ಪಾಲು ಸುರಿಯುವ ನನ್ನ ಸಹೋದ್ಯೋಗಿಗಳಿಗೆ ಇದು ಅಸೂಯೆ ಹುಟ್ಟಿಸುವ ವ್ಯವಸ್ಥೆ. ಕರ್ವೆಯವರ ಚಿತ್ರ ಇಲ್ಲಿ ಮತ್ತೆ ಸರಿ ಅನ್ನಿಸುತ್ತದೆ. ಅತ್ತೆ ಒಳ್ಳೆಯವಳಾ ಎಂದು ಕೇಳಿದೆ. "ಭಾಳ ಚೊಲೋ ಅದಾಳ್ರೀ ಅಕ್ಕಾ, ಸಣ್ಣಾಕಿ ಇದ್ದಾಗ ನನಗ ಎತ್ತಿ ಆಡಿಸ್ಯಾಳ," ಎಂದಳು. ಹಾಗಾದರೆ ಗಂಡನ ಜೊತೆ ಜಗಳವಾದರೆ ಅತ್ತೆ ನಿನ್ನ ಕಡೆಯೇ ಬಿಡು ಎಂದೆ. ಅವಳು ಮೆಂತೆಯ ಕಟ್ಟು ತಿರುಗಿಸಿ ನೋಡುತ್ತಾ ನಕ್ಕಳು.

"ಜಗಳಾದ್ರ ಊರಿಗಿ ಹೋಗ್ತೀನಿ ಅಂತೀನ್ರಿ. ಆದ್ರ ಬಸ್ಸಿನ ರೊಕ್ಕ ಕೊಡಾಕಿನೂ ಅತ್ತಿನ, ಊರಾಗ ನಮ್ಮಪ್ಪಗ ಮೊದ್ಲ ಫೋನ್ ಹಚ್ಚಾಕಿನೂ ಅತ್ತಿನ. ನಮ್ಮಪ್ಪ ಅಕಿ ಅಣ್ಣ ಅಲ್ರೀ."